ರಾಯಚೂರಿನಲ್ಲಿ ಹೊಸ ಹವಳದ ಟ್ಯಾಂಕ್ ಇಟ್ಟಿದ್ದೇನೆ, ಮೊದಲು ಯಾವ ಮೀನು ಬಿಡಲಿ?

ಮೂರಡಿ ಟ್ಯಾಂಕ್, ಉಪ್ಪುನೀರು ತುಂಬಿ ಎರಡು ವಾರ ಆಗಿದೆ, ಬ್ಲೂ ಟ್ಯಾಂಗ್, ಬಟರ್‌ಫ್ಲೈ, ಒಂದು ಜೋಡಿ ಕ್ಲೌನ್, ನಾಲ್ಕು ಡ್ಯಾಮ್ಸೆಲ್ ಒಟ್ಟಿಗೇ ತರಿಸ್ತೀನಿ ಅಂತ ಬರೆದಿದ್ದೀರಿ. ದಯವಿಟ್ಟು ಆ ಆರ್ಡರ್ ತಡೆಯಿರಿ. ನಾನೂ ರಾಯಚೂರಿನವನೇ, ಆರು ವರ್ಷದಿಂದ ಈ ಹುಚ್ಚು ಹಿಡಿದಿದೆ. ನಮ್ಮೂರಲ್ಲಿ ಮೀನು ಆರಿಸುವಾಗ ನಾನು ಕೇಳಿಕೊಳ್ಳೋದು ಒಂದೇ: ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋದರೆ ಇದು ಸಂಜೆವರೆಗೆ ತಡೆಯುತ್ತಾ?

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಮೀನಿಗೆ ಮಾತ್ರ ಅದೇ ಹೊತ್ತಲ್ಲಿ ಉಸಿರು ಜಾಸ್ತಿ ಬೇಕು. ನನ್ನ ಮೊದಲ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮದುವೆಗೆ ಹೋಗಿದ್ವಿ, ಐದು ತಾಸು ಕರೆಂಟ್ ಇರಲಿಲ್ಲ. ಬಂದು ನೋಡಿದರೆ ನೀರು 33 ಡಿಗ್ರಿ. ದೊಡ್ಡ ಟ್ಯಾಂಗ್ ಮರಳಿನ ಮೇಲೆ ಅಡ್ಡ ಬಿದ್ದಿತ್ತು. ಬೆರಳುದ್ದದ ಗೋಬಿ ಮೀನು ತನ್ನ ಬಿಲದ ಬಾಯಲ್ಲಿ ಕೂತು ಕಿವಿರು ಬಡೀತಾ ಇತ್ತು, ಅದು ಉಳೀತು. ಆ ವಾರವೇ ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ತಂದೆ. ಮೀನಿಗಿಂತ ಮೊದಲು ನೀವೂ ತನ್ನಿ.

ನಿಮ್ಮ ಟ್ಯಾಂಕ್ ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಇದ್ದರೆ 190 ಲೀಟರ್. ಕಲ್ಲು, ಮರಳು ಕಳೆದರೆ 150 ಉಳಿದೀತು. ಬ್ಲೂ ಟ್ಯಾಂಗ್ ಒಂದಡಿವರೆಗೆ ಬೆಳೆಯುವ ಮೀನು, ಅದಕ್ಕೆ ಆರಡಿ ಟ್ಯಾಂಕೇ ಬೇಕು. ಬಟರ್‌ಫ್ಲೈಗಳಲ್ಲಿ ಹೆಚ್ಚಿನವು ಹವಳವನ್ನೇ ಕಿತ್ತು ತಿನ್ನುತ್ತವೆ. ಡ್ಯಾಮ್ಸೆಲ್ ಅಗ್ಗ, ಗಟ್ಟಿ, ಅದನ್ನೇ ಮೊದಲು ಬಿಡಿ ಅಂತ ಅಂಗಡಿಯವರು ಹೇಳ್ತಾರೆ. ಆಮೇಲೆ ಬರುವ ಪ್ರತಿ ಮೀನನ್ನೂ ಅದು ಅಟ್ಟಾಡಿಸುತ್ತೆ, ಹಿಡಿಯಬೇಕಂದ್ರೆ ಕಲ್ಲೆಲ್ಲ ಕೀಳಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಆರೇ ಮೀನು. ಹೊಸ ಟ್ಯಾಂಕಿನ ನೀರಲ್ಲಿ ಹುಟ್ಟುವ, ಮೀನಿಗೆ ಮಾರಕವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ, ಅದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತೆ, ಮೊದಲು ಒಂದು ಹಳದಿ ವಾಚ್‌ಮನ್ ಗೋಬಿ, ಜೊತೆಗೊಂದು ಪಿಸ್ತೂಲ್ ಸೀಗಡಿ. ಇವೆರಡನ್ನು ನೋಡೋಕೇ ನಾನು ಸಂಜೆ ಕುರ್ಚಿ ಎಳಕೊಂಡು ಕೂರ್ತೀನಿ. ಸೀಗಡಿಗೆ ಕಣ್ಣು ಮಂದ. ಅದು ಮರಳನ್ನು ಹೊರಹಾಕ್ತಾ ಬಿಲ ತೋಡುತ್ತೆ, ಒಂದು ಮೀಸೆಯನ್ನು ಸದಾ ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತೆ. ಕಾವಲು ಗೋಬಿಯದು. ನೀವು ಗಾಜಿನ ಹತ್ತಿರ ಕೈ ತಂದರೆ ಬಾಲ ಒಮ್ಮೆ ಅದುರುತ್ತೆ, ಸೀಗಡಿ ಮಾಯ. ಎರಡು ಮೂರು ವಾರ ಬಿಟ್ಟು ಒಂದು ಫೈರ್‌ಫಿಶ್. ಅದು ಬೆದರಿದರೆ ಹೊರಗೆ ಜಿಗಿಯುತ್ತೆ, ಮೇಲೆ ಬಲೆ ಹೊದಿಸಿ, ಗಾಜು ಮುಚ್ಚಬೇಡಿ. ಆಮೇಲೆ ಎರಡು ಪೈಜಾಮ ಕಾರ್ಡಿನಲ್. ಕ್ಲೌನ್ ಜೋಡಿ ಎಲ್ಲಕ್ಕಿಂತ ಕೊನೆಗೆ, ಯಾಕಂದ್ರೆ ಜಾಗ ತನ್ನದು ಅಂತ ಜಗಳ ತೆಗೆಯೋದು ಅದೇ. ಒಂದು ದೊಡ್ಡದು, ಒಂದು ಚಿಕ್ಕದು ಕೇಳಿ. ಎಳೆ ಕ್ಲೌನ್‌ಗಳಲ್ಲಿ ಹೆಣ್ಣು ಇರೋದಿಲ್ಲ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತೆ. ತೊಟ್ಟಿಯಲ್ಲೇ ಮರಿ ಮಾಡಿಸಿದ್ದು ಸಿಗುತ್ತೆ, ಕಡಲಿಂದ ಹಿಡಿದದ್ದು ಬೇಡ. ಸಮುದ್ರಕುದುರೆ ತೋರಿಸಿದರಂತೂ ತರಲೇಬೇಡಿ: ಅದೂ, ನಮ್ಮ ಕಡಲಿನ ಕಲ್ಲುಹವಳವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ.

ಬೆಂಗಳೂರಿಂದಲೋ ಹೈದರಾಬಾದಿಂದಲೋ ರಾತ್ರಿಯಿಡೀ ಚೀಲದಲ್ಲಿ ಬಂದ ಮೀನನ್ನು ನೇರ ಟ್ಯಾಂಕಿಗೆ ಹಾಕಬೇಡಿ. ಚೀಲ ಬಿಚ್ಚಿದ ಕೂಡಲೇ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿ ಅದರೊಳಗಿನ ಅಮೋನಿಯಾ ವಿಷವಾಗುತ್ತೆ. ಅದಕ್ಕೆ ಚೀಲ ತೇಲಿಸಿ ಶಾಖ ಸರಿಹೋದ ಮೇಲೆ ಬೇಗ ಮೀನು ತೆಗೆಯಿರಿ, ಆ ನೀರು ಚೆಲ್ಲಿ. ನಾಲ್ಕು ವಾರ ಬೇರೆ ಸಣ್ಣ ತೊಟ್ಟಿಯಲ್ಲಿ ಇಡಿ. ಬಿಳಿಚುಕ್ಕೆ ರೋಗ ಬಂದರೆ ತಾಮ್ರದ ಔಷಧ ಅಲ್ಲೇ ಹಾಕಬಹುದು. ದೊಡ್ಡ ಟ್ಯಾಂಕಿಗೆ ಹಾಕಿದರೆ ಸೀಗಡಿ, ಹವಳ ಎರಡೂ ಸಾಯುತ್ತವೆ.

ಸೆಕೆಗೆ ಒಂದು ಸಮಾಧಾನ ಇದೆ. ನಮ್ಮ ಗಾಳಿ ಒಣಗಾಳಿ, ಮಂಗಳೂರಿನ ಹಾಗಲ್ಲ. ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿಸಿದರೆ ನನ್ನಲ್ಲಿ ಮೂರು ಡಿಗ್ರಿ ಇಳಿಯುತ್ತೆ. ಆದರೂ ಏಪ್ರಿಲ್‌ನಿಂದ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಬೇಕು, ನೀರು 26ರ ಆಸುಪಾಸು ಇರಲಿ. ಆರಿಹೋದಷ್ಟು ಆರ್‌ಒ ಸಿಹಿನೀರು ದಿನಾ ಸುರೀರಿ, ಬೋರ್‌ವೆಲ್ ನೀರು ಬೇಡ. ಉಪ್ಪು ಆರೋದಿಲ್ಲ, ಉಪ್ಪುನೀರೇ ಸುರಿದರೆ ಟ್ಯಾಂಕ್ ಉಪ್ಪುಪ್ಪಾಗ್ತಾ ಹೋಗುತ್ತೆ.

ಇವತ್ತು ಸಂಜೆ ನೈಟ್ರೈಟ್ ಅಳೆದು ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೀರಿ, ಗೋಬಿ ಯಾವಾಗ ತರಬಹುದು ಅಂತ ಹೇಳ್ತೀನಿ.