ಗಾಳಕ್ಕೆ ಕುರುಡಿ ಮೀನು ಬೀಳಬೇಕಾದರೆ

ಪ್ರಶ್ನೆ: ಬಾಲ್ಯದ ಗೆಳೆಯ ಅಕ್ಟೋಬರಿನಲ್ಲಿ ಮುಂಬೈಯಿಂದ ಎರಡು ದಿನಕ್ಕೆ ಊರಿಗೆ ಬರುತ್ತಾನೆ. ಹಿಂದೆ ಇಬ್ಬರೂ ಹೊಳೆಯಲ್ಲಿ ಗಾಳ ಹಾಕಿದವರೇ. ಈ ಸಲ ಕುರುಡಿಯನ್ನೇ (ಸೀಬಾಸ್) ಹಿಡಿಯಬೇಕೆಂದು ಅವನ ಹಟ. ಯಾವ ಹೊತ್ತಿಗೆ, ಎಲ್ಲಿ ನಿಂತರೆ ಸರಿ?
— ಓದುಗರೊಬ್ಬರು, ಕಲ್ಯಾಣಪುರ

ಉತ್ತರ: ಎರಡೇ ದಿನ ಎಂದಾದರೆ ಅವರು ಟಿಕೆಟ್ ಮಾಡಿಸುವ ಮೊದಲು ಪಂಚಾಂಗ ನೋಡಲಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಹಿಂದೆಮುಂದೆ ಎರಡು ಮೂರು ದಿನ ನೀರಿನ ಏರಿಳಿತ ಹೆಚ್ಚು, ಸೆಳೆತವೂ ಹೆಚ್ಚು. ಅಷ್ಟಮಿಯ ಸುತ್ತಮುತ್ತ ನೀರು ಸೋಮಾರಿ, ಕುರುಡಿಯೂ ಸೋಮಾರಿ. ಇದು ಬೆನ್ನಟ್ಟಿ ಹಿಡಿಯುವ ಮೀನಲ್ಲ. ಸೇತುವೆಯ ಕಂಬ, ಕಲ್ಲುದಂಡೆ, ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಮರೆಯಲ್ಲಿ ಹೊಂಚು ಹಾಕಿ, ನೀರು ಎಳೆದು ತಂದದ್ದನ್ನು ಬಾಯಿ ತೆರೆದು ಒಳಗೆಳೆದುಕೊಳ್ಳುತ್ತದೆ.

ಹಾಗಾಗಿ ಗಡಿಯಾರಕ್ಕಿಂತ ನೀರನ್ನು ನಂಬಿ. ಭರತ ಮುಗಿದು ಇಳಿತ ಶುರುವಾದ ಮೊದಲ ಎರಡು ಗಂಟೆ ಒಳ್ಳೆಯದು. ಕಾಂಡ್ಲಾ ತೋಡುಗಳಿಂದ ಸಿಗಡಿ, ಮಾಲ (ಮಲ್ಲೆಟ್) ಮೀನಿನ ಮರಿಗಳು ಹೊಳೆಗೆ ಇಳಿಯುವುದು ಆಗಲೇ. ಈ ಹೊತ್ತು ಬೆಳಕು ಹರಿಯುವ ಅಥವಾ ಕಂತುವ ಸಮಯಕ್ಕೆ ಕೂಡಿ ಬಂದರೆ ಇನ್ನೂ ಒಳ್ಳೆಯದು. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೊದಲ ದಿನ ಬೆಳಿಗ್ಗೆ 6ಕ್ಕೆ ಮೀನು ಕಚ್ಚಿದರೆ ಮರುದಿನ 7ರ ಹತ್ತಿರ ನೋಡಿ. ಮೊಬೈಲಿನಲ್ಲಿ ಸಿಗುವ ವೇಳೆ ಬಂದರಿನದು. ಹೊಳೆಯ ಒಳಗೆ ನೀರು ತಿರುಗುವುದು ತಡ. ಹೋದ ಕೂಡಲೇ ನೀರಿನ ಅಂಚಿಗೆ ಒಂದು ಕಡ್ಡಿ ಚುಚ್ಚಿಟ್ಟರೆ ಹತ್ತು ನಿಮಿಷದಲ್ಲಿ ಲೆಕ್ಕ ಸಿಗುತ್ತದೆ.

ನಿಮ್ಮ ಮನೆಯಿಂದ ಸ್ವರ್ಣಾ ಹೊಳೆ ಹತ್ತಿರ. ಸೀತಾ ಹೊಳೆಯೂ ಬಂದು ಸೇರುವ ಕೋಡಿ ಬೆಂಗ್ರೆಯ ಕಡೆಗೆ ಇಳಿದಷ್ಟೂ ಸೆಳೆತ ಜೋರು. ಅಳಿವೆ ಬಾಗಿಲಿಗಿಂತ ಸ್ವಲ್ಪ ಒಳಗೆ, ಹರಿಯುವ ನೀರೂ ನಿಂತ ನೀರೂ ಸೇರಿ ನೊರೆಯ ಗೆರೆ ಕಾಣುವ ಜಾಗ ಆರಿಸಿ. ಗಾಳವನ್ನು ಆ ಗೆರೆಗಿಂತ ಮೇಲೆ ಹಾಕಿ, ಸೆಳೆತಕ್ಕೇ ಅದನ್ನು ಕಂಬದ ಪಕ್ಕಕ್ಕೆ ಒಯ್ಯಲು ಬಿಡಿ.

ಪ್ರಶ್ನೆ: ಮೂರು ಸಲ ದೊಡ್ಡ ಮೀನು ಬಿತ್ತು, ಮೂರು ಸಲವೂ ಹೋಯಿತು. ಎರಡು ಸಲ ದಾರ ತುಂಡಾಯಿತು, ಒಮ್ಮೆ ಮೀನು ಹಾರಿ ಗಾಳ ಉಗುಳಿತು. 30 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ ದಾರ) ಸಾಲದೇ?
— ಓದುಗರೊಬ್ಬರು, ಉಳ್ಳಾಲ

ಉತ್ತರ: ಬ್ರೇಡ್ ಧಾರಾಳ ಸಾಕು. ತುಂಡಾದ ದಾರದ ತುದಿ ನೋಡಿ. ಚೂರಿಯಲ್ಲಿ ಕೊಯ್ದ ಹಾಗೆ ಇದ್ದರೆ ಅದು ಕಿವಿರು ಮುಚ್ಚಳದ ಕೆಲಸ. ಅದರ ಅಂಚು ಬ್ಲೇಡಿನಂತೆ. ದಾರ ನಾರುನಾರಾಗಿದ್ದರೆ ಕಲ್ಲಿಗೋ ಕಂಬಕ್ಕೆ ಅಂಟಿದ ಮರುವಾಯಿಗೋ (ಚಿಪ್ಪು) ಉಜ್ಜಿದೆ. ತುದಿ ಸುರುಳಿ ಸುತ್ತಿದ್ದರೆ ಗಂಟು ಜಾರಿದೆ.

ಮೊದಲೆರಡಕ್ಕೂ ಮದ್ದು ಲೀಡರ್. ಬ್ರೇಡಿಗೆ ನೇರ ಗಾಳ ಕಟ್ಟಬೇಡಿ. ನಡುವೆ 40 ಪೌಂಡಿನ ನೈಲಾನ್ ಅಥವಾ ಫ್ಲೋರೋಕಾರ್ಬನ್ ಒಂದು ಮೀಟರ್ ಇರಲಿ. ಕುರುಡಿಗೆ ಕೋರೆಹಲ್ಲಿಲ್ಲ, ಆದರೆ ಬಾಯಿ ಮರಳುಕಾಗದದ ಹಾಗೆ. ಒಂದು ಮೀನು ಬಿದ್ದ ಮೇಲೆ ಕೊನೆಯ ಒಂದು ಗೇಣನ್ನು ಬೆರಳಲ್ಲಿ ಸವರಿ ನೋಡಿ. ತರಿ ಹತ್ತಿದರೆ ಕತ್ತರಿಸಿ ಮತ್ತೆ ಕಟ್ಟಿ. ಜಿಪುಣತನ ಇಲ್ಲಿ ಬೇಡ.

ಬ್ರೇಡನ್ನೂ ಲೀಡರನ್ನೂ ಸೇರಿಸಲು ಡಬಲ್ ಯುನಿ ಎಂಬ ಗಂಟು ಸಾಕು. ಬ್ರೇಡಿನ ಕಡೆ 8 ಸುತ್ತು, ಲೀಡರಿನ ಕಡೆ 4. ಬ್ರೇಡ್ ನುಣುಪು, ಸುತ್ತು ಕಡಿಮೆಯಾದರೆ ಜಾರುತ್ತದೆ. ಬಿಗಿಯುವ ಮೊದಲು ಉಗುಳಿನಿಂದ ಒದ್ದೆ ಮಾಡಿ. ಒಣದಾರ ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ಸೋಲುತ್ತದೆ. ಅರವತ್ತು ದಾಟಿದ ಕಣ್ಣಿಗೆ ಮಬ್ಬು ಬೆಳಕಿನಲ್ಲಿ ಇದು ಆಗುವ ಕೆಲಸವಲ್ಲ, ಹಿಂದಿನ ದಿನ ಮನೆಯಲ್ಲೇ ಕಟ್ಟಿಟ್ಟುಕೊಳ್ಳಿ.

ಹಾರಿ ಹೋದದ್ದು ದಾರ ಸಡಿಲವಾಗಿದ್ದಕ್ಕೆ. ದಾರ ಮೇಲೆ ಮೇಲೆ ಬರುತ್ತಿದ್ದರೆ ಮೀನು ಹಾರಲಿದೆ ಎಂದರ್ಥ. ಆಗ ಕೋಲಿನ ತುದಿಯನ್ನು ನೀರಿನತ್ತ ತಗ್ಗಿಸಿ, ಆದರೆ ರೀಲು ಸುತ್ತುವುದನ್ನು ನಿಲ್ಲಿಸಬೇಡಿ. ಕೋಲು ಎತ್ತಿ ಹಿಡಿದರೆ ಮೀನು ಗಾಳಿಯಲ್ಲಿ ತಲೆ ಕೊಡವುವಾಗ ಗಾಳದ ಗಾಯ ಅಗಲವಾಗುತ್ತದೆ. ಡ್ರ್ಯಾಗ್ ಅನ್ನು (ರೀಲು ದಾರ ಬಿಡುವ ಬಿಗಿ) ಕೈ ಅಂದಾಜಿಗೆ ಬಿಡದೆ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ, ಕೋಲು ಬಾಗಿಸಿ ಎಳೆಯಿರಿ, 3ರಿಂದ 3.5 ಕೆ.ಜಿ.ಗೆ ರೀಲು ದಾರ ಬಿಡಬೇಕು. 30 ಪೌಂಡಿನ ಕಾಲುಭಾಗ ಅಷ್ಟೇ.

ಪ್ರಶ್ನೆ: ಅಮೆರಿಕದ ವಿಡಿಯೊಗಳಲ್ಲಿ ತೋರಿಸುವ ಬಾಸ್ ಇದೇ ಮೀನೇ? ಅವರ ರಬ್ಬರ್ ಮೀನು ತರಿಸಬಹುದೇ?
— ಓದುಗರೊಬ್ಬರು, ಸುರತ್ಕಲ್

ಉತ್ತರ: ಅಲ್ಲ. ಅದು ಸಿಹಿನೀರಿನ ಲಾರ್ಜ್‌ಮೌತ್ ಬಾಸ್, ಕುಟುಂಬವೇ ಬೇರೆ. ನಮ್ಮದು ಮಲಯಾಳಿಗಳ ಕಾಳಾಂಜಿ, ಬಂಗಾಳಿಗಳ ಭೇಟ್ಕಿ. ನಾಲ್ಕು ಇಂಚಿನ ರಬ್ಬರ್ ಮೀನು ಇಲ್ಲಿಯೂ ನಡೆಯುತ್ತದೆ. ಅದರ ಸಪೂರ ಕೊಕ್ಕೆ ಮಾತ್ರ ನಡೆಯದು. ಉಪ್ಪುನೀರಿಗೆ ತುಕ್ಕು ಹಿಡಿಯುತ್ತದೆ, ದೊಡ್ಡ ಮೀನಿಗೆ ನೆಟ್ಟಗಾಗುತ್ತದೆ. ದಪ್ಪ ಕೊಕ್ಕೆಗೆ ಬದಲಿಸಿಕೊಳ್ಳಿ.

ಪ್ರಶ್ನೆ: ಜೀವಂತ ಸಿಗಡಿ ಕಟ್ಟಿದರೆ ಐದು ನಿಮಿಷಕ್ಕೇ ಸಾಯುತ್ತದೆ, ಯಾಕೆ?
— ಓದುಗರೊಬ್ಬರು, ಮೂಲ್ಕಿ

ಉತ್ತರ: ತಲೆಯೊಳಗೆ ಕಾಣುವ ಕಪ್ಪು ಚುಕ್ಕೆಗೆ ಗಾಳ ತಾಗಿದರೆ ಅದು ಆಗಲೇ ಮುಗಿಯಿತು. ಕೊಂಬಿನ ಬುಡದಲ್ಲಿ, ಆ ಚುಕ್ಕೆಗಿಂತ ಮುಂದೆ, ಚಿಪ್ಪಿಗಷ್ಟೇ ಸಣ್ಣ ಗಾಳ ದಾಟಿಸಿ. ಬಕೆಟಿಗೆ ಹೊಳೆಯ ನೀರನ್ನೇ ಹಾಕಿ, ನಲ್ಲಿ ನೀರಿನ ಕ್ಲೋರಿನ್ ಅದಕ್ಕೆ ವಿಷ. ಬಿಸಿಲಿನಲ್ಲಿ ಅರ್ಧ ಗಂಟೆಗೊಮ್ಮೆ ಅರ್ಧ ನೀರು ಬದಲಿಸಿ.

ಪ್ರಶ್ನೆ: ಕಲ್ಲುದಂಡೆಯ ಮೇಲಿಂದ ಮೀನು ಎತ್ತುವುದು ಹೇಗೆ? ಇಬ್ಬರಿದ್ದೇವೆ.
— ಓದುಗರೊಬ್ಬರು, ಮಲ್ಪೆ

ಉತ್ತರ: ಒಬ್ಬರ ಗಾಳಕ್ಕೆ ಮೀನು ಬಿದ್ದ ಕೂಡಲೇ ಇನ್ನೊಬ್ಬರು ತಮ್ಮ ದಾರ ಸುತ್ತಿಕೊಳ್ಳಲಿ, ಇಲ್ಲವಾದರೆ ಎರಡೂ ದಾರ ಸಿಕ್ಕಾಗುತ್ತವೆ. ಉದ್ದ ಹಿಡಿಯ ಬಲೆಯನ್ನು ಮೊದಲೇ ನೀರಿಗೆ ಇಳಿಸಿಟ್ಟು ಮೀನನ್ನು ತಲೆ ಮುಂದಾಗಿ ಅದರೊಳಗೆ ತನ್ನಿ. ಬಾಲದ ಕಡೆಯಿಂದ ಬಲೆ ಹಾಕಿದರೆ ಮುಂದಕ್ಕೆ ನುಗ್ಗಿ ಹೋಗುತ್ತದೆ. ದಾರ ಹಿಡಿದು ಎತ್ತಬೇಡಿ, ಕಿವಿರಿಗೆ ಬೆರಳು ಹಾಕಬೇಡಿ. ಬೆನ್ನಿನ ಮುಳ್ಳನ್ನೂ ನೋಡಿಕೊಳ್ಳಿ.

ಇಬ್ಬರಲ್ಲಿ ಯಾರೂ ಪಾಚಿ ಹತ್ತಿದ ಕಪ್ಪು ಕಲ್ಲಿಗೆ ಇಳಿಯಬೇಡಿ. ಅಕ್ಟೋಬರಿನ ಸಂಜೆ ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ದಂಡೆ ಬಿಡಿ, ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ.

ಇನ್ನೊಂದು ಮಾತು, ಕೇಳದಿದ್ದರೂ. ಕುರುಡಿ ಮೊದಲು ಗಂಡು, ದೊಡ್ಡದಾದ ಮೇಲೆ ಹೆಣ್ಣು. ಅಂಗೈ ಉದ್ದದ ಮರಿಯನ್ನು ಬಿಡುವುದು ಎಲ್ಲರಿಗೂ ಗೊತ್ತು, ಆರೇಳು ಕೆ.ಜಿ.ಯದನ್ನು ಬಿಡುವವರು ಕಡಿಮೆ. ಮೊಟ್ಟೆ ಇಡುವುದು ಅದೇ. ರವಾ ಫ್ರೈಗೆ ಎರಡು ಕೆ.ಜಿ.ಯದೇ ರುಚಿ. ಇಟ್ಟುಕೊಳ್ಳುವುದಾದರೆ ಕಿವಿರು ಕೊಯ್ದು ರಕ್ತ ಬಸಿದು, ಮೀನಿನಷ್ಟೇ ತೂಕದ ಮಂಜುಗಡ್ಡೆಯಲ್ಲಿ ಹೂತಿಡಿ.