ಮುತ್ತಿನೋಲೆ ಹುಡುಗಿಯ ಕೆನ್ನೆ ಕೆಸರಾಗುತ್ತಿದೆ!

ಪ್ರಶ್ನೆ: ಡಚ್ ಚಿತ್ರಕಾರ ವರ್ಮೀರ್‌ನ ‘ಮುತ್ತಿನೋಲೆಯ ಹುಡುಗಿ’ಯನ್ನು ವಾಟರ್ ಕಲರ್‌ನಲ್ಲಿ ನಕಲು ಮಾಡುತ್ತಿದ್ದೇನೆ. ಕೆನ್ನೆಯ ನೆರಳು ಪ್ರತಿ ಸಲ ಕೆಸರಿನಂತಾಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಹಾವೇರಿ

ಉತ್ತರ: ಒಳ್ಳೆ ಚಿತ್ರವನ್ನೇ ಹಿಡಿದಿದ್ದೀರಿ. ಆದರೆ ಅದು 1665ರ ಸುಮಾರಿನ ತೈಲವರ್ಣ ಅಲ್ವಾ? ಎಣ್ಣೆ ಬಣ್ಣದಲ್ಲಿ ಕಪ್ಪಿನ ಮೇಲೂ ಬಿಳಿ ಇಡಬಹುದು. ವಾಟರ್ ಕಲರ್‌ನಲ್ಲಿ ನಮಗೆ ಬಿಳಿ ಅಂದರೆ ಪೇಪರೇ. ಹಾಗಾಗಿ ಕಣ್ಣಿನ ಹೊಳಪು, ತುಟಿಯಂಚಿನ ಚುಕ್ಕೆ, ಮುತ್ತಿನ ಮಿಂಚು, ಇವಕ್ಕೆ ಮೊದಲೇ ಜಾಗ ಬಿಟ್ಟುಬಿಡಿ. (ಆ ಮುತ್ತಿಗೆ ಕೊಂಡಿಯನ್ನೇ ಬರೆದಿಲ್ಲ, ಗಮನಿಸಿದ್ದೀರಾ?)

ಕೆನ್ನೆಗೆ ಯೆಲ್ಲೋ ಆಕರ್‌ನಲ್ಲಿ (ಮಣ್ಣಿನ ಹಳದಿ) ಚೂರು ಕೆಂಪು ಬೆರೆಸಿ ತೆಳುವಾಗಿ ಹಚ್ಚಿ. ಪೂರ್ತಿ ಒಣಗಲಿ. ಅಂಗೈ ಹಿಂಭಾಗ ಮುಟ್ಟಿಸಿದಾಗ ಪೇಪರ್ ತಣ್ಣಗಿದ್ದರೆ ಇನ್ನೂ ಒದ್ದೆ ಇದೆ ಅಂತಲೇ. ಆಮೇಲೆ ನೆರಳಿಗೆ ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಜೊತೆಗೆ ಸ್ವಲ್ಪ ಅಲ್ಟ್ರಾಮರೀನ್ (ಗಾಢ ನೀಲಿ). ಒಂದೇ ಸಲ ಎಳೆದು ಕೈ ಬಿಡಿ. ಅರ್ಧ ಒಣಗಿದ ಕಡೆ ಸುಮ್ನೆ ತೀಡುತ್ತಾ ಕೂತರೆ ಕೆಳಗಿನ ಪದರ ಎದ್ದು ಬರುತ್ತದೆ. ನಿಮ್ಮ ಕೆಸರಿಗೂ ಅದೇ ಕಾರಣ ಅನಿಸುತ್ತೆ. ಅಂಚು ಮೆತ್ತಗಾಗಬೇಕಾದರೆ ಬಣ್ಣ ಹಸಿಯಿದ್ದಾಗಲೇ ಹಿಂಡಿದ ಬ್ರಷ್ ಆಡಿಸಿ.

ಇನ್ನೊಂದು: ಮೂಗಿಗೂ ಆಚೆ ಕೆನ್ನೆಗೂ ನಡುವೆ ವರ್ಮೀರ್ ಗೆರೆಯನ್ನೇ ಎಳೆದಿಲ್ಲ. ನೀವೂ ಎಳೆಯಬೇಡಿ.