ಬೆನ್ನಿನ ನೀರು ತೆಗೆಸಬೇಕೇ?

ಪ್ರಶ್ನೆ: ಮಗಳಿಗೆ 20 ವರ್ಷ. ಮೂರು ವಾರದಿಂದ ನಿದ್ದೆಯಿಲ್ಲ, ಯಾರೋ ಕರೀತಾರೆ ಅಂತಾಳೆ. ಮೊನ್ನೆ ಫಿಟ್ಸ್ ಕೂಡ ಬಂತು. ಬೆನ್ನಿನಿಂದ ನೀರು ತೆಗೆಸಿ ಎಂದಿದ್ದಾರೆ ಮನೋವೈದ್ಯರು. ಕಾಲಿನ ಶಕ್ತಿ ಹೋಗುತ್ತದೆಂದು ಮನೆಯಲ್ಲಿ ಹೆದರಿಕೆ.
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ತೆಗೆಸಿ, ತಡಮಾಡಬೇಡಿ. ಬೆನ್ನಿನ ನೀರೆಂದರೆ ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವ. ಹರೆಯದ ಹುಡುಗಿಗೆ ಕೆಲವೇ ವಾರಗಳಲ್ಲಿ ಭ್ರಮೆ ಶುರುವಾಗಿ ಜೊತೆಗೆ ಫಿಟ್ಸೂ ಬಂದರೆ ಅದನ್ನು ಬರೀ ಮನೋರೋಗ ಎನ್ನುವ ಹಾಗಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳಿನ ಎನ್‌ಎಂಡಿಎ ರಿಸೆಪ್ಟರ್‌ಗಳ (ನರಕೋಶಗಳು ಸಂದೇಶ ಪಡೆಯುವ ತಾಣಗಳ) ಮೇಲೆ ತಿರುಗಿಬೀಳುವ ಕಾಯಿಲೆಯೊಂದಿದೆ. 2007ರಲ್ಲಿ ನರವೈದ್ಯ ಜೋಸೆಪ್ ಡಾಲ್ಮೌ ತಂಡ ಅದನ್ನು ಗುರುತಿಸಿತು. ಹಾಗೆ ತಿರುಗಿಬೀಳುವ ಪ್ರತಿಕಾಯ (ಆಂಟಿಬಾಡಿ) ರಕ್ತದಲ್ಲಿ ಕಾಣದೆ ಬೆನ್ನಿನ ನೀರಿನಲ್ಲಿ ಮಾತ್ರ ಸಿಗುವುದುಂಟು. ಸಿಕ್ಕರೆ ಸ್ಟೆರಾಯ್ಡ್‌ನಂಥ ಬೇರೆಯದೇ ಚಿಕಿತ್ಸೆ, ಜೊತೆಗೆ ಅಂಡಾಶಯದಲ್ಲಿ ಗಡ್ಡೆಯಿದೆಯೇ ಎಂದು ಸ್ಕ್ಯಾನ್. ಟಿಬಿ ಮಿದುಳುಜ್ವರವೂ ಮೊದಮೊದಲು ನಡವಳಿಕೆ ಕೆಡಿಸಿಯೇ ಕಾಣಿಸಿಕೊಳ್ಳಬಹುದು.

ಕಾಲಿನ ಭಯ ಬಿಡಿ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಒಂದನೇ-ಎರಡನೇ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಮೂರು-ನಾಲ್ಕರ ಅಥವಾ ನಾಲ್ಕು-ಐದರ ನಡುವೆ. ಅಲ್ಲಿರುವುದು ನೀರಿನಲ್ಲಿ ತೇಲುವ ನರದ ಎಳೆಗಳು. ಸೂಜಿ ಬಂದರೆ ಬದಿಗೆ ಸರಿಯುತ್ತವೆ. ಒಟ್ಟು ಸುಮಾರು 150 ಮಿಲಿ ಇರುವ ದ್ರವದಲ್ಲಿ ತೆಗೆಯುವುದು ಹತ್ತೋ ಹನ್ನೆರಡೋ ಮಿಲಿ. ದಿನಕ್ಕೆ ಸುಮಾರು 500 ಮಿಲಿ ಹೊಸದಾಗಿ ಹುಟ್ಟುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯೇನಾದರೂ ನಡೆಯುತ್ತಿದ್ದರೆ ಮೊದಲೇ ಹೇಳಿಬಿಡಿ. ಆಮೇಲೆ ಎದ್ದು ಕೂತಾಗ ಜೋರಾಗಿ, ಮಲಗಿದರೆ ಇಳಿಯುವ ತಲೆನೋವು ಬರಬಹುದು. ಪೆನ್ಸಿಲ್ ತುದಿಯಂಥ ಸಣ್ಣ ಸೂಜಿಯಲ್ಲಿ ಅದು ಕಡಿಮೆ, ಕೇಳಿ ನೋಡಿ.

ನಿಜವಾಗಿ ಕೆಡುವುದು ಟ್ಯೂಬು ಕೈಗೆ ಬಂದ ಮೇಲೆ. ಜೀವಕೋಶಗಳು ಒಂದು ಗಂಟೆಯೊಳಗೇ ಒಡೆಯತೊಡಗುತ್ತವೆ. ಟ್ಯೂಬು ಚೀಲದಲ್ಲಿಟ್ಟುಕೊಂಡು ಲೋಕಲ್ ಹತ್ತಿ ದಾದರ್‌ನ ಲ್ಯಾಬಿಗೆ ಹೋಗುವಷ್ಟರಲ್ಲಿ ಎಣಿಕೆ ಸುಳ್ಳಾಗಿರುತ್ತದೆ. ಕೋಶಗಳ ಎಣಿಕೆ, ಸಕ್ಕರೆ, ಪ್ರೋಟೀನು ಆಸ್ಪತ್ರೆಯಲ್ಲೇ ಆಗಲಿ. ಪ್ರತಿಕಾಯದ ಟ್ಯೂಬು ಮಾತ್ರ ಹೊರಗೆ ಹೋಗಲಿ. ರೋಗಾಣು ಬೆಳೆಸಿ ನೋಡುವ ಕಲ್ಚರ್‌ನ ಟ್ಯೂಬನ್ನು ಫ್ರಿಜ್‌ನಲ್ಲಿಡಬೇಡಿ. ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆಯನ್ನೂ ನೋಡಲೇಬೇಕು. ಬೆನ್ನಿನ ನೀರಿನಲ್ಲಿ 60 ಎಂದರೆ ಸರಿಯಾಗಿದೆ ಅನಿಸುತ್ತದೆ; ರಕ್ತದಲ್ಲಿ 180 ಇದ್ದರೆ ಅದು ಮೂರನೇ ಒಂದು ಪಾಲು ಅಷ್ಟೇ. ಇರಬೇಕಾದ್ದು ಮೂರರಲ್ಲಿ ಎರಡು ಪಾಲಿನ ಆಸುಪಾಸು. ಪಾಲು ಇಷ್ಟು ಇಳಿದಿದ್ದರೆ ಸೋಂಕಿರಬಹುದು; ಅದು ಕಣ್ತಪ್ಪಿಹೋಗುವುದು ಇಂಥಲ್ಲೇ.

ಪ್ರಶ್ನೆ: ತಮ್ಮನಿಗೆ ಎಂಟು ವರ್ಷದಿಂದ ಸ್ಕಿಜೋಫ್ರೇನಿಯಾ. ಬೆನ್ನಿನ ನೀರಿನಲ್ಲಿ ಮಿದುಳಿನ ರಾಸಾಯನಿಕ ಅಳೆಸಿ ಮಾತ್ರೆ ಬದಲಿಸಬಹುದೇ?
– ಓದುಗರು, ಪುಣೆ

ಉತ್ತರ: ಆಗದು. 1976ರಲ್ಲಿ ಸ್ವೀಡನ್ನಿನ ಮನೋವೈದ್ಯೆ ಮೇರಿ ಓಸ್ಬೆರ್ಗ್ ತಂಡ ಖಿನ್ನತೆಯ ರೋಗಿಗಳಲ್ಲಿ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಒಡೆದ ಮೇಲೆ ಉಳಿಯುವ 5-ಎಚ್‌ಐಎಎ ಅಂಶ ಬೆನ್ನಿನ ನೀರಿನಲ್ಲಿ ಕಡಿಮೆಯಿದ್ದವರಲ್ಲಿ ಆತ್ಮಹತ್ಯೆಯ ಯತ್ನ ಹೆಚ್ಚು ಎಂದು ತೋರಿಸಿತು. ಅದು ಗುಂಪಿನ ಮಾತು, ಒಬ್ಬ ರೋಗಿಗೆ ಅನ್ವಯಿಸಿ ಮಾತ್ರೆ ಆರಿಸಲು ಬಾರದು. ಮಿದುಳಿನ ಹತ್ತಿರದ ದ್ರವದಲ್ಲಿ 5-ಎಚ್‌ಐಎಎ ಹೆಚ್ಚಿರುವುದರಿಂದ ಮೊದಲ ಮಿಲಿಗೂ ಹತ್ತನೆಯ ಮಿಲಿಗೂ ಅಂಕಿಯೇ ಬೇರೆ. ಆ ಹಣ ಉಳಿಸಿ. ನಿಮ್ಮ ತಮ್ಮ ಕ್ಲೋಜಪಿನ್ ಎಂಬ ಸ್ಕಿಜೋಫ್ರೇನಿಯಾ ಮಾತ್ರೆ ನುಂಗುತ್ತಿದ್ದರೆ ರಕ್ತದ ಬಿಳಿಕಣಗಳ ಎಣಿಕೆಯನ್ನು ಮಾತ್ರ ಎಂದೂ ತಪ್ಪಿಸಬೇಡಿ.